ರಾಗ ಹಾಕಿದವರ ಅಂಕಿತ ಎಲ್ಲಿ?

ಕಲಬುರಗಿಯಲ್ಲಿ ನಾಟಕವಿರಲಿ, ವಚನ ಗಾಯನವಿರಲಿ, ಸನ್ಮಾನ ಸಮಾರಂಭವಿರಲಿ, ಜನರ ಬಾಯಲ್ಲಿ ಮೊದಲು ಬರುವ ಜಾಗ ಎಸ್.ಎಂ. ಪಂಡಿತ್ ರಂಗಮಂದಿರ. ನಟನೂ ಅಲ್ಲದ, ಗಾಯಕನೂ ಅಲ್ಲದ ಚಿತ್ರಕಾರರೊಬ್ಬರ ಹೆಸರನ್ನು ಊರು ತನ್ನ ರಂಗಮಂದಿರಕ್ಕೆ ಇಟ್ಟುಕೊಂಡಿದೆ. 1916ರಲ್ಲಿ ಇದೇ ಊರಿನಲ್ಲಿ ಹುಟ್ಟಿದ ಪಂಡಿತರು ಮುಂಬೈಗೆ ಹೋಗಿ ಸಿನಿಮಾ ಪೋಸ್ಟರು, ಜಾಹೀರಾತು, ಕ್ಯಾಲೆಂಡರು ಬರೆದು ದೇಶಕ್ಕೆಲ್ಲ ಪರಿಚಿತರಾದರು. ಅವರು ಮಾಡಿದ್ದರಲ್ಲಿ ಬಹಳಷ್ಟು ಹೇಳಿ ಬರೆಸಿಕೊಂಡ ಕೆಲಸವೇ. ಯಾರೋ ಹಣ ಕೊಟ್ಟರು, ಅಳತೆ ಹೇಳಿದರು, ದಿನ ಗೊತ್ತುಮಾಡಿದರು, ಪಂಡಿತರು ಬರೆದುಕೊಟ್ಟರು. ಆದರೆ ಆ ದೇವ-ದೇವಿಯರ ಚಿತ್ರಗಳ ಮೂಲೆಯಲ್ಲಿ ಅವರ ಸಹಿ ಉಳಿಯಿತು. ಕ್ಯಾಲೆಂಡರಿನಲ್ಲಿ ಕಂಪನಿಯ ಹೆಸರಿಗೆ ದೊಡ್ಡ ಅಕ್ಷರ, ಕಲಾವಿದನಿಗೆ ಸಣ್ಣ ಅಕ್ಷರ, ಇಬ್ಬರಿಗೂ ಜಾಗವಂತೂ ಇತ್ತು. ಅದೇ ರಂಗಮಂದಿರದಲ್ಲಿ ಸಂಜೆ ಹಾಡುವ ಹತ್ತು ಹಾಡುಗಳನ್ನು ತೆಗೆದುಕೊಳ್ಳಿ. ಬರೆದವರು ಯಾರೆಂದು ನಿರೂಪಕರು ಹೇಳುತ್ತಾರೆ, ಹಾಡುವವರು ಎದುರಿಗೇ ಇರುತ್ತಾರೆ. ರಾಗ ಹಾಕಿದವರು ಯಾರು ಎಂದು ಕೇಳಿದರೆ ವೇದಿಕೆಯ ಮೇಲಿದ್ದವರೇ ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಹೇಳಿ ಮಾಡಿಸಿದ ಸಂಗೀತವನ್ನೇ ನಂಬಿ ಬದುಕುವ ಸ್ವತಂತ್ರ ಸಂಯೋಜಕರ ಕಷ್ಟವೆಂದರೆ ಸಂಭಾವನೆ ಸಾಲದು ಎಂಬ ಮಾತೇ ಮುಂದಕ್ಕೆ ಬರುತ್ತದೆ. ಅದು ನಿಜ, ಆದರೆ ಅದು ಮೇಲಿನ ಪದರ. ಕೆಳಗಿನದು ಒಂದು ತಪ್ಪು ತಿಳಿವಳಿಕೆ: ಕೂಲಿ ಕೊಟ್ಟೊಡನೆ ಧಾಟಿಯ ಜೊತೆ ಸಂಯೋಜಕರ ಹೆಸರು, ಅದರ ಮುಂದಿನ ಎಲ್ಲ ಬಳಕೆ ತಮ್ಮದಾಯಿತೆಂದು ಮಾಡಿಸಿದವರು ನಂಬುತ್ತಾರೆ. ಮಾಡಿಕೊಟ್ಟವರೂ ಹಾಗೆಯೇ ನಂಬುತ್ತಾರೆ ಎಂಬುದು ಇನ್ನೂ ವಿಚಿತ್ರ. ದೇಶದ ಕಾನೂನು ಮಾತ್ರ ಹಾಗೆ ಹೇಳುವುದಿಲ್ಲ.

ಈ ಊರಿನ ಕೆಲಸದ ಸ್ವರೂಪ ನೋಡಿದರೆ ಇದು ಏಕೆ ಮುಖ್ಯವೆಂದು ತಿಳಿಯುತ್ತದೆ. ಇಲ್ಲಿ ಸಿನಿಮಾ ಉದ್ಯಮವಿಲ್ಲ, ದೊಡ್ಡ ಆಡಿಯೊ ಕಂಪನಿಗಳಿಲ್ಲ. ಇರುವುದು ಹಬ್ಬಗಳ ಪಂಚಾಂಗ, ಅದೂ ಒಂದಲ್ಲ, ಎರಡು. ರೋಜಾ ಬಡಾವಣೆಯ ಖ್ವಾಜಾ ಬಂದೇ ನವಾಜ್ ದರ್ಗಾದ ಉರುಸು ಜುಲ್‌ಖಾದಾ ತಿಂಗಳಲ್ಲಿ ಬರುತ್ತದೆ. ಮಹಬೂಬ್ ಗುಲ್ಶನ್ ಉದ್ಯಾನದಿಂದ ಸಂದಲ್ ಮೆರವಣಿಗೆ ಹೊರಡುವ ದಿನ ಪ್ರತಿ ವರ್ಷ ಸುಮಾರು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಶರಣಬಸವೇಶ್ವರ ಜಾತ್ರೆ ಹೋಳಿಯಾದ ಐದನೇ ದಿನಕ್ಕೆ ಕಟ್ಟುಬಿದ್ದಿದೆ. ಫೆಬ್ರುವರಿ 15ರ ಸೇವಾಲಾಲ್ ಜಯಂತಿಗೆ ಕಮಲಾಪುರ ಕಡೆಯ ತಾಂಡಾಗಳಲ್ಲಿ ಲಂಬಾಣಿ ಹಾಡು ಬೇಕು, ಏಪ್ರಿಲ್ 14ಕ್ಕೆ ಅಂಬೇಡ್ಕರ್ ಜಯಂತಿಯ ಹಾಡು ಬೇಕು. ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವಕ್ಕೆ ನಾಡಿನ ಹಾಡು, ಮೊಹರಮ್ಮಿಗೆ ರಿವಾಯತ್ ಪದ, ಗಣೇಶನ ಹಬ್ಬಕ್ಕೆ ಡಿಜೆಗೆ ಹೊಂದುವ ಭಜನೆ. ಇವುಗಳ ನಡುವೆ ಕಾಲೇಜಿನ ಗೀತೆ, ಮಠದ ಸುಪ್ರಭಾತ, ಆಸ್ಪತ್ರೆಯ ಜಾಹೀರಾತು, ಮತದಾನ ಜಾಗೃತಿಯ ಜಿಂಗಲ್ಲು, ಚುನಾವಣೆ ಬಂದರೆ ಅಭ್ಯರ್ಥಿಯ ಪ್ರಚಾರ ಗೀತೆ. ಇಲ್ಲಿ ಇದೇ ಕಸುಬಿನಲ್ಲಿ ನಿಲ್ಲಬೇಕೆಂದರೆ ಕನ್ನಡ, ದಖ್ಖನಿ, ಲಂಬಾಣಿ ಮೂರರ ಮಾತಿನ ಲಯವೂ ಕಿವಿಯಲ್ಲಿರಬೇಕು. ಮಠದ ಹಾಡಿಗೆ ಒಪ್ಪುವ ಶಬ್ದ ಯಾವುದು, ದರ್ಗಾದ ಹಾಡಿಗೆ ಒಪ್ಪದ ವಾದ್ಯ ಯಾವುದು ಎಂಬ ಸೂಕ್ಷ್ಮ ತಿಳಿದಿರಬೇಕು. ಇದು ಪುಸ್ತಕದಿಂದ ಬರುವ ವಿದ್ಯೆಯಲ್ಲ. ಹೊರಗಿನಿಂದ ಬಂದ ಪರಿಣತರು ಇಲ್ಲಿ ಎಡವುವುದೂ ಸಾಮಾನ್ಯವಾಗಿ ಈ ಜಾಗದಲ್ಲೇ.

ಕೆಲಸ ಕೊಡುವ ರೀತಿಯೂ ಗಮನಿಸತಕ್ಕದ್ದು. ಮೊಬೈಲಿಗೆ ಒಂದು ಹಾಡು ಕಳಿಸಿ ‘ಹಿಂಗೇ ಬೇಕು, ಆದ್ರ ಇದ ಆಗಬಾರದು’ ಎನ್ನುವುದು ಎಲ್ಲ ಕಡೆಯೂ ಇರುವ ಪದ್ಧತಿ. ಆಮೇಲೆ ಬರುವುದು ಪ್ಯಾಕೇಜು. ಒಟ್ಟು ಇಷ್ಟು ಎಂದು ಒಂದು ಮೊತ್ತ ಮಾತಾಗುತ್ತದೆ. ಅದರಲ್ಲೇ ಸಂಯೋಜಕರು ಸಾಹಿತ್ಯ ಬರೆದವರಿಗೆ, ಹಾಡಿದವರಿಗೆ, ತಬಲಾ-ಢೋಲಕಿನವರಿಗೆ, ಸ್ಟುಡಿಯೊಗೆ, ಮಿಕ್ಸಿಂಗ್ ಮಾಡಿದವರಿಗೆ ಕೊಡಬೇಕು. ಉಳಿದದ್ದು ತಮ್ಮದು. ಹೀಗಾಗಿ ವಾದ್ಯ ಕಡಿಮೆ ಮಾಡಿದಷ್ಟೂ ಸಂಯೋಜಕರಿಗೆ ಲಾಭ, ಸಂಗೀತಕ್ಕೆ ನಷ್ಟ. ಶಹನಾಯಿ ಬೇಕಾದಲ್ಲಿ ಕೀಬೋರ್ಡಿನ ಶಹನಾಯಿ ಬರುವುದಕ್ಕೆ ರುಚಿಯ ಕೊರತೆಗಿಂತ ಈ ಲೆಕ್ಕವೇ ಹೆಚ್ಚು ಕಾರಣ. ಮುಂಗಡ ಬಂದರೆ ಬಂತು, ಬಾಕಿ ಹಬ್ಬ ಮುಗಿದ ಮೇಲೆ. ಹಬ್ಬ ಮುಗಿದ ಮೇಲೆ ಸಮಿತಿಯೇ ಬದಲಾಗಿರುವುದೂ ಉಂಟು. ಇಡೀ ವ್ಯವಹಾರದಲ್ಲಿ ಒಂದು ಚೀಟಿಯೂ ಹುಟ್ಟುವುದಿಲ್ಲ. ಮುಂದಿನ ವರ್ಷ ಅದೇ ಧಾಟಿಗೆ ಬೇರೆ ಮಾತು ಕೂರಿಸಿ ಬೇರೆ ಊರಿನ ಜಾತ್ರೆಯಲ್ಲಿ ಹಾಡಿದರೆ, ಯೂಟ್ಯೂಬಿನಲ್ಲಿ ಅದು ಲಕ್ಷಾಂತರ ಜನರ ಕಿವಿಗೆ ಬಿದ್ದರೆ, ಧಾಟಿ ಹುಟ್ಟಿಸಿದವರಿಗೆ ಸುದ್ದಿಯೂ ಇರುವುದಿಲ್ಲ.

ಇಂಥ ಮರೆವು ಕವಿಗಳ ವಿಷಯದಲ್ಲಿ ಏಕೆ ಆಗಲಿಲ್ಲ? ಶರಣರು, ದಾಸರು, ತತ್ವಪದಕಾರರು ತಮ್ಮ ಅಂಕಿತವನ್ನು ಕೃತಿಯ ಒಳಗೇ ನೆಯ್ದರು. ಕೂಡಲಸಂಗಮದೇವ ಎಂದರೆ ಬಸವಣ್ಣ. ಇದೇ ಜಿಲ್ಲೆಯ ಕಡಕೋಳ ಮಡಿವಾಳಪ್ಪನವರ ಪದ ಎಲ್ಲಿ ಹಾಡಿದರೂ ಕೊನೆಗೆ ಗುರು ಮಹಾಂತನ ಹೆಸರು ಬಂದು ಒಡೆತನ ಹೇಳುತ್ತದೆ. ಗಜಲಿನ ಕೊನೆಯ ಶೇರಿನಲ್ಲಿ ಕವಿಯ ತಖಲ್ಲುಸ್ ಬರುವುದೂ ಇದೇ ಕೆಲಸಕ್ಕೆ. ಅಂಕಿತ ತೆಗೆದರೆ ಸಾಲು ಮುರಿಯುತ್ತದೆ. ಬಾಯಿಂದ ಬಾಯಿಗೆ ದಾಟುವ ಲೋಕದಲ್ಲಿ ಇದಕ್ಕಿಂತ ಗಟ್ಟಿಯಾದ ಹಕ್ಕುಪತ್ರ ಇನ್ನೊಂದಿರಲಿಲ್ಲ. ಸ್ವರಕ್ಕೆ ಈ ಅನುಕೂಲವಿಲ್ಲ. ಮೋಹನ ರಾಗದ ಐದು ಸ್ವರಗಳಲ್ಲಿ ಯಾರ ಹೆಸರನ್ನೂ ಹೊಲಿಯಲಾಗುವುದಿಲ್ಲ. ಶಂಕರ್‌ನಾಗ್ ಅವರ ‘ಮಾಲ್ಗುಡಿ ಡೇಸ್’ನ ಶೀರ್ಷಿಕೆ ಧಾಟಿಯನ್ನು ಗುನುಗಬಲ್ಲವರು ದೇಶದ ತುಂಬ ಇದ್ದಾರೆ, ಅದು ಎಲ್. ವೈದ್ಯನಾಥನ್ ಅವರದೆಂದು ಬಲ್ಲವರು ಎಷ್ಟು ಮಂದಿ? 1966ರಲ್ಲಿ ಶುರುವಾದ ಕಲಬುರಗಿ ಆಕಾಶವಾಣಿ ಕೇಂದ್ರದ ಕೇಳುಗರು ತಲೆಮಾರುಗಳಿಂದ ಕೇಳಿದ ಆಕಾಶವಾಣಿಯ ಆರಂಭದ ಧಾಟಿಯನ್ನು ರಚಿಸಿದವರು ನಾಜಿಗಳಿಂದ ತಪ್ಪಿಸಿಕೊಂಡು ಮುಂಬೈ ಸೇರಿದ ವಾಲ್ಟರ್ ಕೌಫ್‌ಮನ್ ಎನ್ನುತ್ತಾರೆ. ಹೆಸರು ಬರೆದಿಡದಿದ್ದರೆ ಅದು ದೊಡ್ಡವರ ಕಡೆಗೇ ಹರಿಯುತ್ತದೆ ಎಂಬುದಕ್ಕೂ ಸಾಕ್ಷಿ ರೋಜಾದಲ್ಲೇ ಇದೆ. ದಖ್ಖನಿ ಗದ್ಯದ ಮೊದಲ ಕೃತಿಯೆಂದು ಹೇಳುತ್ತಿದ್ದ ‘ಮೆರಾಜುಲ್ ಆಶಿಕೀನ್’ ಬಹಳ ಕಾಲ 1422ರಲ್ಲಿ ತೀರಿಕೊಂಡ ಬಂದೇ ನವಾಜರ ಹೆಸರಿನಲ್ಲಿತ್ತು. ಅದು ಅವರದಲ್ಲ, ಬಹಳ ಈಚಿನದು ಎಂದು ನಂತರದ ಸಂಶೋಧಕರು ವಾದಿಸಿದ್ದಾರೆ. ಅಕ್ಷರದಲ್ಲಿ ಬರೆದದ್ದಕ್ಕೇ ಹೀಗಾದರೆ ಗಾಳಿಯಲ್ಲಿ ತೇಲುವ ಧಾಟಿಯ ಪಾಡೇನು?

ಹೇಳಿ ಮಾಡಿಸಿದ್ದು ಎಂದ ಮೇಲೆ ಅದು ಕಲೆಯಲ್ಲ, ಕಸುಬು. ಕಸುಬಿಗೆ ಹೆಸರೇಕೆ ಎಂಬ ಮಾತೊಂದಿದೆ. ಇದನ್ನು ಸಂಗೀತಗಾರರೇ ಹೆಚ್ಚು ಆಡುತ್ತಾರೆ. ಇತಿಹಾಸ ಇದನ್ನು ಒಪ್ಪುವುದಿಲ್ಲ. ಬಿ.ವಿ. ಕಾರಂತರಿಗೆ ‘ಋಷ್ಯಶೃಂಗ’ ಮತ್ತು ‘ಘಟಶ್ರಾದ್ಧ’ ಚಿತ್ರಗಳ ಸಂಗೀತಕ್ಕೆ ರಾಷ್ಟ್ರ ಪ್ರಶಸ್ತಿ ಬಂತು. ಎರಡೂ ಬೇರೆಯವರು ನಿರ್ದೇಶಿಸಿದ ಚಿತ್ರಗಳು, ದೃಶ್ಯದ ಅಳತೆಗೆ ಮಾಡಿಕೊಟ್ಟ ಸಂಗೀತ. ಯುರೋಪಿನ ಹೈಡನ್ 1761ರಲ್ಲಿ ಎಸ್ಟರ್‌ಹಾಜಿ ಮನೆತನದ ಕೆಲಸಕ್ಕೆ ಸೇರಿದಾಗ, ಅವನು ಬರೆದದ್ದನ್ನು ಅನುಮತಿಯಿಲ್ಲದೆ ಬೇರೆ ಯಾರಿಗೂ ಕೊಡುವಂತಿಲ್ಲ ಎಂದು ಕರಾರಿನಲ್ಲಿತ್ತು. 1779ರ ಹೊಸ ಕರಾರಿನಲ್ಲಿ ಆ ಷರತ್ತು ಬಿಟ್ಟುಹೋಯಿತು, ಆಮೇಲೆ ಅವನ ಸಂಗೀತ ಪ್ರಕಾಶಕರ ಮೂಲಕ ಊರೂರು ಸುತ್ತಿತು. ಸಂಗೀತ ಬದಲಾಗಲಿಲ್ಲ, ಕಾಗದ ಬದಲಾಯಿತು. ಅದಕ್ಕೆ ತಿರುಗುಮುರುಗಾದ ಕಥೆ ಮೊಜಾರ್ಟನದು. 1791ರಲ್ಲಿ ವಾಲ್ಸೆಗ್ ಎಂಬ ಕುಲೀನ ಹೆಸರು ಮರೆಸಿಕೊಂಡು, ಮುಂಗಡ ಕೊಟ್ಟು, ಅವನಿಂದ ಶ್ರಾದ್ಧ ಸಂಗೀತ ಮಾಡಿಸಿದ. ಅದನ್ನು ತನ್ನ ಕೈಬರಹದಲ್ಲಿ ನಕಲು ತೆಗೆದು ತನ್ನದೇ ರಚನೆಯೆಂದು ತೋರಿಸಿಕೊಳ್ಳುವುದು ಆತನ ಯೋಚನೆಯಾಗಿತ್ತು. ಆತನ ದೃಷ್ಟಿಯಲ್ಲಿ ಹಣ ಕೊಟ್ಟಾಗಿತ್ತು, ಇನ್ನೇನು? ಆ ದೃಷ್ಟಿ ಇಂದಿಗೂ ಸತ್ತಿಲ್ಲ. ತನ್ನ ತಂದೆಯ ಪುಣ್ಯತಿಥಿಗೆ ಹಾಡು ಮಾಡಿಸಿ ಪೋಸ್ಟರಿನಲ್ಲಿ ‘ಸಂಗೀತ’ ಎಂಬುದರ ಮುಂದೆ ತನ್ನ ಹೆಸರನ್ನೇ ಹಾಕಿಕೊಳ್ಳುವ ಪುಢಾರಿಗೆ ವಾಲ್ಸೆಗ್ ಯಾರೆಂದು ಗೊತ್ತಿರಬೇಕಾಗಿಲ್ಲ.

ಈಗ ಕಾನೂನಿನ ಕಡೆಗೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಮೊದಲ ಒಡೆಯ ಯಾರೆಂದು ಹೇಳುತ್ತದೆ. ಸಾಮಾನ್ಯ ನಿಯಮ: ರಚಿಸಿದವರೇ ಒಡೆಯರು. ಇದಕ್ಕೆ ಕೆಲವು ವಿನಾಯಿತಿಗಳಿವೆ. ಹಣ ಕೊಟ್ಟು ತೆಗೆಸಿದ ಫೋಟೊ, ಬರೆಸಿದ ಚಿತ್ರ, ಮಾಡಿಸಿದ ಸಿನಿಮಾಗಳಲ್ಲಿ, ಬೇರೆ ಒಪ್ಪಂದವಿಲ್ಲದಿದ್ದರೆ, ಹಣ ಕೊಟ್ಟವರೇ ಒಡೆಯರು. ಈ ಪಟ್ಟಿಯಲ್ಲಿ ಸಂಗೀತವಿಲ್ಲ. ಎಂದರೆ ಪಂಡಿತರಂಥ ಚಿತ್ರಕಾರರ ಸಹಿ ಗೋಡೆಯ ಮೇಲಿದ್ದರೂ, ಹೇಳಿ ಬರೆಸಿಕೊಂಡ ಚಿತ್ರದ ಹಕ್ಕು ಬರೆಸಿದವರ ಕಡೆಗೆ ವಾಲುತ್ತದೆ. ಹೆಸರೇ ಕಾಣದ ರಾಗ ಸಂಯೋಜಕರ ಧಾಟಿಯ ಹಕ್ಕು ಅವರ ಹತ್ತಿರವೇ ಉಳಿಯುತ್ತದೆ. ಚಿತ್ರಕಾರರಿಗೆ ಹೆಸರಿದೆ, ಹಕ್ಕು ತೆಳು. ಸಂಯೋಜಕರಿಗೆ ಹಕ್ಕಿದೆ, ಹೆಸರಿಲ್ಲ. ಸಂಬಳದ ನೌಕರಿಯಲ್ಲಿದ್ದು ಕೆಲಸದ ಭಾಗವಾಗಿ ಮಾಡಿದ್ದು ಮಾಲೀಕರದು, ಸರ್ಕಾರದ ನಿರ್ದೇಶನದಲ್ಲಿ ಮಾಡಿದ್ದು ಸರ್ಕಾರದ್ದು. ಆದ್ದರಿಂದ ಜಿಲ್ಲಾ ಪಂಚಾಯಿತಿಯ ಜಿಂಗಲ್ಲಿಗೂ ಜಾತ್ರಾ ಸಮಿತಿಯ ಹಾಡಿಗೂ ಕಾನೂನಿನ ಕಣ್ಣಲ್ಲಿ ವ್ಯತ್ಯಾಸವಿದೆ. ಸಿನಿಮಾ ಸಂಗೀತದ ಹಾದಿ ಇನ್ನೂ ಸುತ್ತಿನದು. ಹಣ ಕೊಟ್ಟು ಮಾಡಿಸಿದ ನಿರ್ಮಾಪಕರೇ ಮೊದಲ ಒಡೆಯರು ಎಂದು ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿತು. ಆ ತೀರ್ಪಿಗೆ ಟಿಪ್ಪಣಿ ಸೇರಿಸಿದ ನ್ಯಾಯಮೂರ್ತಿ ಕೃಷ್ಣ ಅಯ್ಯರ್, ನಮ್ಮ ಕಾಯ್ದೆ ಕಾಗದಕ್ಕಿಳಿದ ಸ್ವರವನ್ನಷ್ಟೇ ಸಂಗೀತವೆಂದು ಎಣಿಸಿ ಹಾಡುವ ಕಂಠವನ್ನು ಹೊರಗಿಡುವುದು ಈ ನೆಲಕ್ಕೆ ಹೊಂದುವುದಿಲ್ಲವೆಂಬ ಅರ್ಥದ ಮಾತು ಬರೆದರು. ಸ್ವರಲಿಪಿ ಇರಲೇಬೇಕೆಂಬ ಆ ಷರತ್ತು 1994ರ ತಿದ್ದುಪಡಿಯಲ್ಲಿ ಹೋಯಿತು. 2012ರ ತಿದ್ದುಪಡಿ ಇನ್ನೂ ಮುಂದೆ ಹೋಗಿ, ಚಿತ್ರಮಂದಿರದ ಪ್ರದರ್ಶನ ಬಿಟ್ಟು ಉಳಿದ ಬಳಕೆಗಳ ರಾಯಧನದಲ್ಲಿ ಸಂಯೋಜಕರ ಸಮಪಾಲನ್ನು ಅವರು ತಾವಾಗಿಯೇ ಬಿಟ್ಟುಕೊಟ್ಟರೂ ಬಿಟ್ಟುಕೊಟ್ಟಂತೆ ಆಗದು ಎಂದಿತು. ಸಿನಿಮಾಕ್ಕೆ ಸೇರದ ಧ್ವನಿಮುದ್ರಿಕೆಗೂ ಇಂಥದೇ ರಕ್ಷಣೆ ಕೊಟ್ಟಿತು.

ಎಲ್ಲಕ್ಕಿಂತ ಹರಿತವಾದದ್ದು 19ನೇ ಸೆಕ್ಷನ್. ಹಕ್ಕನ್ನು ಬರಹದಲ್ಲಿ, ಸಹಿ ಹಾಕಿ ವರ್ಗಾಯಿಸದಿದ್ದರೆ ಆ ವರ್ಗಾವಣೆ ಊರ್ಜಿತವಲ್ಲ. ಚೀಟಿಯೇ ಹುಟ್ಟದ ನಮ್ಮ ವ್ಯವಹಾರಕ್ಕೆ ಇದನ್ನು ಹಚ್ಚಿ ನೋಡಿ. ಮಾಡಿಸಿದ ಸಮಿತಿಗೆ ಸಿಕ್ಕಿರುವುದು, ಹೆಚ್ಚೆಂದರೆ, ಮಾತಾದ ಉದ್ದೇಶಕ್ಕೆ ಹಾಡಿಕೊಳ್ಳುವ ಒಪ್ಪಿಗೆ. ಒಡೆತನವಲ್ಲ. ಕಾಗದ ಬೇಡವೆಂದು ಉಳಿತಾಯ ಮಾಡಿದ್ದು ತಾವೇ ಎಂದು ತಿಳಿದವರು ನಿಜವಾಗಿ ಏನನ್ನೂ ಕೊಂಡಿಲ್ಲ. ಹಾಗಾಗಿ ಕರಾರು ಕೇಳುವ ಸಂಯೋಜಕರನ್ನು ‘ಭಾಳ ಶ್ಯಾಣ್ಯಾ ಆಗ್ಯಾನ’ ಎಂದು ದೂರುವುದು ತಪ್ಪು ವಿಳಾಸಕ್ಕೆ ಹಾಕಿದ ಪತ್ರ. ಕರಾರು ಮೊದಲು ಬೇಕಾಗಿರುವುದು ಮಾಡಿಸುವವರಿಗೆ.

ಆಕ್ಷೇಪಗಳಲ್ಲಿ ಮೊದಲನೆಯದು ಭಕ್ತಿಯದು, ಅದು ಹಗುರವಾದದ್ದಲ್ಲ. ದೇವರ ಹಾಡಿಗೆ, ಖ್ವಾಜಾ ಸಾಹೇಬರ ಹಾಡಿಗೆ ಹಕ್ಕು-ಪಾಲು ಎಂದರೆ ಹೇಗೆ? ಭಕ್ತರು ಹಾಡಲು ದುಡ್ಡು ಕೊಡಬೇಕೇ? ಚಿಶ್ತಿ ಪರಂಪರೆಯ ಮಹಫಿಲಿನಲ್ಲಿ ಕವ್ವಾಲರಿಗೆ ಸಲ್ಲುವುದು ನಜರಾನಾ, ಕೂಲಿಯಲ್ಲ. ಭಜನಾ ಮಂಡಳಿಗಳೂ ಸೇವೆಯೆಂದೇ ಹಾಡುತ್ತವೆ. ಈ ಭಾವಕ್ಕೆ ಕಾನೂನು ಅಡ್ಡ ಬರುವುದೇ ಇಲ್ಲ. 52ನೇ ಸೆಕ್ಷನ್ ಪ್ರಕಾರ ನಿಜವಾದ ಧಾರ್ಮಿಕ ಸಮಾರಂಭದಲ್ಲಿ ಹಾಡಿದರೆ, ನುಡಿಸಿದರೆ ಅದು ಉಲ್ಲಂಘನೆಯಲ್ಲ. ಮದುವೆಯ ಮೆರವಣಿಗೆಯೂ ಅದರೊಳಗೆ ಸೇರುತ್ತದೆ. ಹವ್ಯಾಸಿ ಸಂಘದವರು ಬಿಟ್ಟಿ ಸಭೆಗೆ ಹಾಡುವುದಕ್ಕೂ ವಿನಾಯಿತಿಯಿದೆ. ರಥ ಎಳೆಯುವಾಗ, ಸಂದಲ್ ಹೊರಟಾಗ ಹಾಡುವವರ ಹತ್ತಿರ ಯಾರೂ ರಸೀದಿ ಹಿಡಿದು ಬರುವುದಿಲ್ಲ. ಪ್ರಶ್ನೆ ಏಳುವುದು ಅದೇ ಹಾಡನ್ನು ಕಂಪನಿಯೊಂದು ತನ್ನ ಚಾನೆಲ್ಲಿಗೆ ಏರಿಸಿ ಜಾಹೀರಾತಿನ ಹಣ ಎಣಿಸುವಾಗ. ಆ ಹಣಕ್ಕೆ ಭಕ್ತಿಯ ಹೊದಿಕೆ ಹೊದಿಸಿ, ಪಾಲು ಕೇಳಿದವರನ್ನು ದುರಾಸೆಯವರೆನ್ನುವುದು ಅನುಕೂಲದ ಭಕ್ತಿ.

ಎರಡನೆಯದು: ರಾಗ ಎಲ್ಲರದು, ಜಾನಪದ ಧಾಟಿ ಊರಿನದು, ಸಂಯೋಜಕರು ಹುಟ್ಟಿಸಿದ್ದೇನು? ಇದರಲ್ಲಿ ಅರ್ಧ ಸತ್ಯವಿದೆ. ತಾಂಡಾದ ಹೆಣ್ಣುಮಕ್ಕಳ ಹಾಡನ್ನು ಎತ್ತಿ ಕೀಬೋರ್ಡಿಗೆ ಹಾಕಿ ‘ಸಂಗೀತ’ ಎಂದು ಹೆಸರು ಹಾಕಿಕೊಳ್ಳುವ ಸಂಯೋಜಕರೂ ಇದ್ದಾರೆ, ಅವರ ಪರವಾಗಿ ಈ ಲೇಖನ ವಾದಿಸುವುದಿಲ್ಲ. ಒಬ್ಬರದಲ್ಲದ್ದಕ್ಕೂ ಹೆಸರಿನ ಕಾವಲು ಹಾಕಬಹುದೆಂದು ಭೌಗೋಳಿಕ ಗುರುತು ಪಡೆದ ಕಮಲಾಪುರದ ಕೆಂಪು ಬಾಳೆ ತೋರಿಸಿದೆ. ತಾಂಡಾದ ಹಾಡಿಗೆ ಅಂಥದ್ದು ಇಲ್ಲದಿರುವುದು ಬೇರೆಯೇ ಅನ್ಯಾಯ. ಆದರೆ ರಾಗ ಎಲ್ಲರದು ಎಂಬುದರಿಂದ ಆ ರಾಗದಲ್ಲಿ ಕಟ್ಟಿದ ಧಾಟಿಯೂ ಎಲ್ಲರದು ಎಂದಾಗುವುದಿಲ್ಲ. ಕುವೆಂಪು ಅವರ ನಾಡಗೀತೆಯ ಪ್ರಸಂಗ ಇದಕ್ಕೆ ನಮ್ಮ ಮನೆಯ ಸಾಕ್ಷಿ. ಮೈಸೂರು ಅನಂತಸ್ವಾಮಿ ಮತ್ತು ಸಿ. ಅಶ್ವತ್ಥ್ ಅದೇ ಮಾತುಗಳಿಗೆ ಬೇರೆ ಬೇರೆ ರಾಗ ಸಂಯೋಜನೆ ಮಾಡಿದ್ದರು. ಯಾವುದು ಇರಬೇಕೆಂದು ವರ್ಷಗಟ್ಟಲೆ ವಾದ ನಡೆಯಿತು. 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಸಂಯೋಜನೆಯನ್ನು, ಎರಡೂವರೆ ನಿಮಿಷದ ಅಳತೆಗೆ, ಒಪ್ಪಿ ಆದೇಶ ಹೊರಡಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು 2024ರಲ್ಲಿ ಹೈಕೋರ್ಟ್ ತಳ್ಳಿಹಾಕಿತು. ಧಾಟಿ ಯಾರದಾದರೇನು ಎಂದು ಆ ಜಗಳದಲ್ಲಿ ಯಾರೂ ಅನ್ನಲಿಲ್ಲ. ಇಬ್ಬರೂ ತೀರಿಹೋದ ಮೇಲೂ ಇಬ್ಬರ ಹೆಸರೂ ತೂಗಿ ನೋಡಲ್ಪಟ್ಟವು. ಮಾತು ಒಂದೇ ಇದ್ದು ಸಂಯೋಜನೆ ಎರಡಾದಾಗ ನಾಡು ಎರಡು ಪಂಗಡವಾಗುವುದಾದರೆ, ಸಂಯೋಜನೆಯೆಂಬುದು ಸ್ವಂತ ಸೃಷ್ಟಿಯಲ್ಲವೆಂದು ಹೇಳುವುದು ಹೇಗೆ? ದೆಹಲಿ ಹೈಕೋರ್ಟಿನ 2025ರ ಡಾಗರ್ ಪ್ರಕರಣ ಇನ್ನೊಂದು ಮಗ್ಗುಲನ್ನು ತೋರಿಸಿತು. ಧ್ರುಪದ ಗಾಯಕ ಸೋದರರ ಶಿವಸ್ತುತಿಯನ್ನು ಎ.ಆರ್. ರೆಹಮಾನ್ ಅವರ ಸಿನಿಮಾ ಹಾಡು ಬಳಸಿಕೊಂಡಿದೆ ಎಂಬ ದೂರಿಗೆ ಏಕಸದಸ್ಯ ಪೀಠ ಮಧ್ಯಂತರ ಆದೇಶ ಕೊಟ್ಟಿತು, ಅದೇ ವರ್ಷ ವಿಭಾಗೀಯ ಪೀಠ ಅದನ್ನು ರದ್ದು ಮಾಡಿತು. ಹಾಡಿದವರೆಂಬ ಮಾತ್ರಕ್ಕೆ ರಚಿಸಿದವರೂ ಅವರೇ ಎಂದು ಹಿಡಿಯಲಾಗದು ಎಂಬುದು ಅಲ್ಲಿನ ತರ್ಕ. ಅಷ್ಟು ಹೆಸರಾದ ಮನೆತನಕ್ಕೇ ರಚನೆಯ ದಾಖಲೆ ತೋರಿಸುವುದು ಕಷ್ಟವೆಂದರೆ ಕಲಬುರಗಿಯ ಸ್ಟುಡಿಯೊದಲ್ಲಿ ಕೂತವರ ಗತಿ ಊಹಿಸಬಹುದು.

ಮೂರನೆಯದು ವ್ಯವಹಾರದ ಮಾತು. ಹಣ ಹಾಕಿದವರು ನಷ್ಟವನ್ನೂ ಹೊರುತ್ತಾರೆ, ಹಾಡು ಓಡದಿದ್ದರೆ ಸಂಯೋಜಕರು ಸಂಭಾವನೆ ಹಿಂದಿರುಗಿಸುವುದಿಲ್ಲವಲ್ಲ? ಒಪ್ಪತಕ್ಕ ವಾದ. ಅದಕ್ಕಾಗಿಯೇ ಸಮಪಾಲು ಎಂದಿರುವುದು, ಪೂರ್ಣಪಾಲು ಎಂದಲ್ಲ. ಹಾಡು ಓಡದಿದ್ದರೆ ಪಾಲು ಸೊನ್ನೆ. ಇಷ್ಟು ಸಣ್ಣ ಊರಿನಲ್ಲಿ ಪಾಲೆಂದರೆ ಚಹಾದ ದುಡ್ಡೂ ಹುಟ್ಟದು ಎನ್ನುವವರ ಮಾತೂ ಬಹುಪಾಲು ಹಾಡುಗಳ ಮಟ್ಟಿಗೆ ಸರಿ. ಆದರೆ ಯಾವ ಹಾಡು ಓಡುತ್ತದೆಂದು ಮೊದಲೇ ಯಾರಿಗೂ ತಿಳಿಯದು, ಓಡಿದ ಒಂದು ಹಾಡಿನಿಂದಲೇ ಓಡದ ಇಪ್ಪತ್ತರ ಖರ್ಚು ತುಂಬಬೇಕು. ಇನ್ನು ಕಾಗದ ಎಂದರೆ ನಂಬಿಕೆ ಮುರಿಯುತ್ತದೆ ಎಂಬ ಭಯ. ಚುನಾವಣೆಯ ಹಾಡನ್ನು ನೋಡಿ. ಟಿವಿಗೆ ಹೋಗುವ ಪ್ರಚಾರ ಸಾಮಗ್ರಿಯನ್ನು ಮೊದಲೇ ಚುನಾವಣಾ ಆಯೋಗದ ಮಾಧ್ಯಮ ಸಮಿತಿಯಿಂದ ದೃಢೀಕರಿಸಿಕೊಳ್ಳಬೇಕು, ಅರ್ಜಿಯಲ್ಲಿ ತಯಾರಿಕೆಯ ವೆಚ್ಚ ತೋರಿಸಬೇಕು, ಅದು ಅಭ್ಯರ್ಥಿಯ ಲೆಕ್ಕಕ್ಕೆ ಸೇರುತ್ತದೆ. 2022ರಿಂದ ವಿಧಾನಸಭೆಗೆ ಆ ಲೆಕ್ಕದ ಮಿತಿ 40 ಲಕ್ಷ ರೂಪಾಯಿ. ಅಲ್ಲಿ ತೋರಿಸುವ ಅಂಕಿ ಎಷ್ಟು ನಿಜ ಎಂಬುದನ್ನು ಓದುಗರ ಅನುಭವಕ್ಕೆ ಬಿಡುತ್ತೇನೆ. ಆದರೆ ಬಿಲ್ಲು ಬೇಕು ಎಂದಾಗ ಬಿಲ್ಲು ಹುಟ್ಟುತ್ತದೆ, ಯಾವ ನಂಬಿಕೆಯೂ ಮುರಿದು ಬೀಳುವುದಿಲ್ಲ. ರಾಜಕಾರಣಿಗೆ ಸಾಧ್ಯವಾದದ್ದು ವಿದ್ಯಾಸಂಸ್ಥೆಗೂ ಮಠಕ್ಕೂ ಸಾಧ್ಯ.

ಯಂತ್ರವೇ ಹಾಡು ಕಟ್ಟಿಕೊಡುವ ಕಾಲ ಬಂತಲ್ಲ, ಇನ್ನು ಈ ಚರ್ಚೆ ಏಕೆ ಎನ್ನಬಹುದು. ಅಂಗಡಿಯ ಉದ್ಘಾಟನೆಗೆ ಸಾಕಾಗುವ ಹಾಡು ಈಗ ಫೋನಿನಲ್ಲೇ ಆಗುತ್ತದೆ, ಆ ಕೆಲಸ ಸಂಯೋಜಕರ ಕೈ ತಪ್ಪುವುದು ಖಚಿತ. ಉಳಿಯುವುದು ಇಲ್ಲಿನ ಕಿವಿ ಬೇಕಾದ ಕೆಲಸ: ದಖ್ಖನಿ ಮಾತಿನ ಎಳೆತ, ಪಲ್ಲಕ್ಕಿ ಹೊತ್ತವರ ನಡೆ, ಲಂಬಾಣಿ ಕುಣಿತದ ತಿರುವು. ಅಂಥ ಕೆಲಸಕ್ಕೆ ಬೆಲೆ ಬರುವುದು ಮಾಡಿದವರು ಯಾರೆಂದು ಗೊತ್ತಿದ್ದರೆ ಮಾತ್ರ. ಅದಕ್ಕೆ ಬೇಕಾದದ್ದು ವಕೀಲರ ದಫ್ತರವಲ್ಲ, ಒಂದು ಹಾಳೆ. ಯಾವ ಹಾಡು, ಯಾವ ಉದ್ದೇಶಕ್ಕೆ, ಎಷ್ಟು ಸಂಭಾವನೆ, ಬೇರೆ ಬಳಕೆಯಿಂದ ಹಣ ಬಂದರೆ ಹಂಚಿಕೆ ಹೇಗೆ, ಹೆಸರು ಎಲ್ಲೆಲ್ಲಿ ಹಾಕಬೇಕು, ಒಪ್ಪಂದ ಎಷ್ಟು ವರ್ಷಕ್ಕೆ. ಕೊನೆಯದನ್ನು ಬಹಳ ಜನ ಮರೆಯುತ್ತಾರೆ. ಅವಧಿ ಬರೆಯದಿದ್ದರೆ ಕಾನೂನು ಅದನ್ನು ಐದು ವರ್ಷವೆಂದು ಎಣಿಸುತ್ತದೆ. ಆರು ವರ್ಷದ ಹಿಂದೆ ಅವಧಿ ಹಾಕದೆ ಸಹಿ ಮಾಡಿಸಿಕೊಂಡು, ತನ್ನ ಗೀತೆ ಶಾಶ್ವತವಾಗಿ ತನ್ನದೆಂದು ಪ್ರಾರ್ಥನೆಯಲ್ಲಿ ಹಾಡಿಸುತ್ತಿರುವ ಕಾಲೇಜಿನ ಕಪಾಟಿನಲ್ಲಿರುವ ಆ ಹಾಳೆಯ ಮೇಲಿನ ಹಕ್ಕು ಹೋದ ವರ್ಷವೇ ರಾಗ ಹಾಕಿದವರಿಗೆ ವಾಪಸಾಗಿದೆ.